ಎಡೆಯ ದಿನ ಬಾಗಿಲ ಒಳಗೆ ಉಳಿದವರು

ಬೇವಿನ ಸೊಪ್ಪಿಗೆ ಸಾಂಬ್ರಾಣಿ ಹೊಗೆ ಬೆರೆತ ವಾಸನೆ ಬಂದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡ ಹಿರಿಯರಿಗೆ ಎಡೆ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕುತ್ತಾರೆ. ಅವರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ನಾನಿನ್ನೂ ಹುಡುಗ; ತಾತ ತೀರಿಕೊಂಡ ಮರುವರ್ಷ ಊರಿನ ಎಷ್ಟೋ ಮಕ್ಕಳಿಗೆ ಸೀತಾಳೆ ಸಿಡುಬು. ನನ್ನ ತಂಗಿ ಗೌರಿಯೂ ಎಡೆ ಇಡುವ ನಡುಮನೆಯಲ್ಲೇ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಹೊರಗೆ ತಂದರೆ ಬೀದಿಯ ಮಕ್ಕಳಿಗೆ ಅಂಟುತ್ತದೆ.

“ಒಬ್ಳನ್ನೇ ಒಳಗೆ ಬುಟ್ಟು ಬಾಗ್ಲು ಹಾಕೋದಾ?” ಎಂದು ಅವ್ವ ಅತ್ತಳು. ಅಜ್ಜಿ ಗೌರಿಯ ಪಕ್ಕ ಕೂತೇಬಿಟ್ಟಳು. “ನೀವು ಹೋಗ್ರಪ್ಪ. ನಾನು ಹೆಂಗೂ ಅರ್ಧ ಅವರ ಕಡೆಯೋಳೇ.”

ಜಗಲಿಯ ಮೇಲೆ ನಾನು ಕೂತೆ, ಎದ್ದೆ, ಮತ್ತೆ ಕೂತೆ. ಒಳಗೆ ದಡ್ ಎಂದು ಸದ್ದಾಯಿತು. “ತಾತ ಬಂದ್ರು! ಗೌರೀನ ಕರ್ಕೊಂಡು ಹೋಯ್ತಾರೆ!” ಎಂದು ಬಾಗಿಲಿಗೆ ಓಡಿದೆ. ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದ. “ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟಿರೋ ಕಾಯಿ ಉರುಳ್ತು ಕಣ್ಲಾ, ಸುಮ್ಕಿರು.” ಹಾಗೆಂದವನೇ ತಾನೂ ಬಾಗಿಲಿಗೆ ಕಿವಿಯಿಟ್ಟ.

ಬಾಗಿಲು ತೆಗೆದಾಗ ಗೌರಿ ನಿದ್ದೆಯಲ್ಲಿದ್ದಳು. ಅಜ್ಜಿ ಎಡೆಗೆ ಬೆನ್ನು ಮಾಡಿ ಕೂತಿದ್ದಳು.

“ಯಾರು ಬಂದಿದ್ರಜ್ಜಿ?”

“ನಾನೆಲ್ಲಿ ನೋಡ್ದೆ? ಈ ಮಗೀನ ನೋಡ್ತಿದ್ದೆ.”

ಕೊರೊನಾ ವರ್ಷದ ಅದೇ ಅಮಾವಾಸ್ಯೆಗೆ ನನ್ನ ಮೊಮ್ಮಗಳು ಜ್ವರ ಬಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಎಡೆಯಲ್ಲಿ ಈಗ ಹಿರಿಯರ ಸಾಲಿಗೆ ಸೇರಿದ ನನ್ನ ಅಜ್ಜಿಗೆಂದು ಎಲೆಯಡಿಕೆ ಇಟ್ಟಿದ್ದೆವು. ಎಲ್ಲರೂ ಹೊರಗೆ ಹೋದರು. ನಾನು ಮಾಸ್ಕ್ ಹಾಕಿಕೊಂಡು, ಎಡೆಗೆ ಬೆನ್ನು ಮಾಡಿ, ಕೋಣೆಯ ಹೊಸ್ತಿಲಲ್ಲಿ ಕೂತೆ.

“ಹೊರಗೆ ಬಾಪ್ಪ” ಎಂದು ಮಗ ಕರೆದ.

“ನೀನು ಬಾಗ್ಲು ಹಾಕು” ಎಂದೆ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಎಡೆಯ ಬಾಳೆಎಲೆ ಸರಿದಂತಾಯಿತು. ನಾನು ಮಗುವನ್ನೇ ನೋಡುತ್ತಿದ್ದೆ.