ಮೂವತ್ತನೆಯ ದಿನದ ಫೋನು

ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಲೆಕ್ಕದಕ್ಕ ಎಂದು. ಇಪ್ಪತ್ತಾರು ವರ್ಷದಿಂದ ಆಪರೇಷನ್ ಥಿಯೇಟರಿನ ನರ್ಸು. ಹೊಟ್ಟೆಯೊಳಗೆ ಹೋದ ಬಟ್ಟೆಯ ತುಂಡುಗಳೆಲ್ಲ ಹೊರಗೆ ಬಂದಿವೆಯೇ ಎಂದು ಎಣಿಸಿ ಆಕೆ "ಸರಿಯಿದೆ" ಎನ್ನುವವರೆಗೆ, ಎಂಥ ಸರ್ಜನ್ನಾದರೂ ಹೊಲಿಗೆ ಹಾಕುವಂತಿರಲಿಲ್ಲ. "ನಮ್ಮನೇಲಿ ಚಮಚ ಎಣಿಸದೆ ಯಾರನ್ನೂ ಊಟದಿಂದ ಏಳೋಕೆ ಬಿಡಲ್ಲ" ಎಂದು ಗಂಡ ಬಂದವರ ಮುಂದೆಲ್ಲ ಕಾಲೆಳೆಯುತ್ತಿದ್ದ. ಆಕೆ ನಗುತ್ತಿದ್ದಳು, ಚಮಚ ಎಣಿಸುವುದನ್ನು ಮಾತ್ರ ಬಿಡಲಿಲ್ಲ.

ಈಗಿನ ದೊಡ್ಡ ಡಾಕ್ಟರು ಹನ್ನೆರಡು ವರ್ಷದ ಹಿಂದೆ ಹೊಸದಾಗಿ ಬಂದಾಗ ಅವರ ಕೈ ಗಡಗಡ ನಡುಗುತ್ತಿತ್ತು. ಮೊದಲ ಸಿಸೇರಿಯನ್ನಿನಲ್ಲೇ ರಕ್ತ ಚಿಮ್ಮಿ ಅವರು ಕಕ್ಕಾಬಿಕ್ಕಿಯಾದಾಗ ಆಕೆ ಕೇಳುವ ಮುಂಚೆಯೇ ಬೇಕಾದ ಇಕ್ಕಳವನ್ನು ಕೈಗಿಟ್ಟು, "ಇಲ್ಲಿ ಹಿಡೀರಿ ಡಾಕ್ಟ್ರೇ, ಏನೂ ಆಗಲ್ಲ" ಎಂದಿದ್ದಳು. ಅವತ್ತಿನಿಂದ ಅವರ ಬಾಯಲ್ಲಿ ಆಕೆ 'ಅಕ್ಕ'. ಒಡಹುಟ್ಟಿದವರಿಲ್ಲದ ಆಕೆ ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಎರಡು ವರ್ಷದ ಹಿಂದೆ ಅವರೇ ಒಂದು ದಪ್ಪ ರಿಜಿಸ್ಟರ್ ತಂದುಕೊಟ್ಟರು. "ಅಕ್ಕ, ಗಾಯ ಕೀವಾಗೋದು ಮನೆಗೆ ಹೋದ್ಮೇಲೆ. ನಮಗೆ ಗೊತ್ತೇ ಆಗಲ್ಲ. ಆಪರೇಷನ್ ಆದ ಮೂವತ್ತನೇ ದಿನ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ. ಇದ್ದದ್ದನ್ನ ಇದ್ದ ಹಾಗೇ ಬರೀರಿ. ಎಷ್ಟೇ ಬರಲಿ, ನಿಮ್ಮ ಬೆನ್ನಿಗೆ ನಾನಿದ್ದೀನಿ."

ಆಕೆ ನಂಬಿದಳು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಫೋನು. ಕೆಲವರು ಬೈದರು, ಕೆಲವರು ಅತ್ತರು. ಒಬ್ಬ ಅಜ್ಜ ಗಾಯದ ಸುದ್ದಿ ಬಿಟ್ಟು ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿಕೊಂಡು ಹಗುರಾದ. ವರ್ಷ ತುಂಬುವಾಗ ನೂರು ಜನರಲ್ಲಿ ಹದಿನೆಂಟು ಮಂದಿಗೆ ಗಾಯ ಕೀವಾಗಿತ್ತು.

ಆಕೆಗೆ ನಿದ್ದೆ ಹತ್ತಲಿಲ್ಲ. ಎಲ್ಲಿ ತಪ್ಪುತ್ತಿದೆ ಎಂದು ಒಂದೊಂದೇ ಹೆಜ್ಜೆ ಹಿಡಿದು ಹುಡುಕಿದಳು. ಕೊನೆಗೆ ಸಿಕ್ಕಿದ್ದು ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಹಳೆಯ ಯಂತ್ರ. ಬಾಗಿಲಿನ ರಬ್ಬರು ಹರಿದು ಹಬೆ ಸೋರುತ್ತಿತ್ತು. ಹಬೆ ಸರಿಯಾಗಿ ತಗುಲಿದರೆ ಉಪಕರಣದ ಕಟ್ಟುಗಳ ಮೇಲಿನ ಟೇಪಿನ ಗೆರೆ ಕಪ್ಪಾಗಬೇಕು, ಅದು ಬೂದು ಬಣ್ಣಕ್ಕೇ ನಿಲ್ಲುತ್ತಿತ್ತು. ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿ ಬಿಡಿಭಾಗವೂ ಸಿಗುತ್ತಿರಲಿಲ್ಲ. ಹದಿನೆಂಟು ಎಂಬ ಸಂಖ್ಯೆ ಮೇಲಕ್ಕೆ ಹೋದರೆ ಹೊಸ ಯಂತ್ರ ಬಂದೇ ಬರುತ್ತದೆ ಎಂದುಕೊಂಡು ಆಕೆ ರಿಜಿಸ್ಟರನ್ನು ಡಾಕ್ಟರ ಕೈಗಿಟ್ಟಳು.

ಯಂತ್ರ ಬರಲಿಲ್ಲ, ಆಸ್ಪತ್ರೆಗೆ ಪ್ರಶಸ್ತಿ ಬಂತು. ಕಾರಿಡಾರಿನ ಕಪ್ಪು ಹಲಗೆಯ ಮೇಲೆ 'ಗಾಯದ ಸೋಂಕು ನೂರಕ್ಕೆ ನಾಲ್ಕು' ಎಂದು ಬಣ್ಣದ ಸೀಮೆಸುಣ್ಣದಲ್ಲಿ ಮೆರೆಯುತ್ತಿತ್ತು. ಬರೆದವರ ಕೈತಪ್ಪಿರಬೇಕು ಎಂದುಕೊಂಡು ಆಕೆ ಆಫೀಸಿಗೆ ಹೋದರೆ, ಗುಮಾಸ್ತ ವರದಿಯ ಪ್ರತಿ ತೆಗೆದು ಮುಂದಿಟ್ಟ. ಅದರಲ್ಲೂ ನಾಲ್ಕೇ. ಲೆಕ್ಕ ಇಟ್ಟವರು ಎಂಬಲ್ಲಿ ಆಕೆಯದೇ ಹೆಸರು. ಹೊಸ ಯಂತ್ರದ ಅಗತ್ಯ ಕಾಣುವುದಿಲ್ಲ ಎಂಬ ಮೇಲಿನವರ ಉತ್ತರವೂ ಜೊತೆಗೇ ಇತ್ತು. ಆಕೆ ಆ ಪ್ರತಿಯನ್ನು ಹಿಡಿದು ನೇರ ಡಾಕ್ಟರ ಕೋಣೆಗೆ ಹೋದಳು.

"ಡಾಕ್ಟ್ರೇ, ಈ ನಾಲ್ಕು ಎಲ್ಲಿಂದ ಬಂತು?"

"ಸುಳ್ಳೇನಲ್ಲ ಅಕ್ಕ. ಮೂರನೇ ದಿನ ಮನೆಗೆ ಕಳಿಸ್ತೀವಿ. ಅಲ್ಲೀವರೆಗೆ ಕೀವಾಗಿದ್ದು ನಾಲ್ಕೇ ತಾನೆ? ಹದಿನೆಂಟು ಅಂತ ಕಳಿಸಿದ್ರೆ ನನ್ನ ತಲೆ ಹೋಗುತ್ತೆ."

"ಬೆನ್ನಿಗೆ ನಾನಿದ್ದೀನಿ ಅಂದಿದ್ರಿ."

ಡಾಕ್ಟರು ಯಾವುದೋ ಕಾಗದಕ್ಕೆ ಸಹಿ ಹಾಕತೊಡಗಿದರು. ಉಳಿದ ಹದಿನಾಲ್ಕು ಜನ ಹೀಗೆ ಗಾಳಿಗೆ ಹೋದರು. ಒಬ್ಬೊಬ್ಬರ ದನಿಯೂ ಆಕೆಯ ಕಿವಿಯಲ್ಲಿತ್ತು. ಆ ದಿನ ಊಟವಾದ ಮೇಲೆ ಆಕೆ ಚಮಚ ಎಣಿಸಲಿಲ್ಲ. ಗಂಡನೂ ತಮಾಷೆ ಮಾಡಲಿಲ್ಲ.

ಮೂರು ವಾರ ಕಳೆದು ಒಂದು ಮಧ್ಯಾಹ್ನ ಡಾಕ್ಟರು ತಾವಾಗಿಯೇ ಥಿಯೇಟರಿನ ಪಕ್ಕದ ಕೋಣೆಗೆ ಬಂದರು. ಆಕೆ ಉಪಕರಣಗಳ ಕಟ್ಟು ಕಟ್ಟುತ್ತಿದ್ದಳು. ಮೂಲೆಯಲ್ಲಿ ಯಂತ್ರ ಬುಸುಗುಡುತ್ತಿತ್ತು.

"ಅಕ್ಕ, ಸೋಮವಾರ ನಮ್ಮವಳಿಗೆ ಸಿಸೇರಿಯನ್. ಒಂದಿನ ರಜ ಹಾಕಿ ಜೊತೇಲಿ ಬನ್ನಿ. ನೀವು ಒಳಗಿದ್ದು ಎಣಿಸಿದ್ರೆ ನಂಗೆ ಧೈರ್ಯ."

"ಬನ್ನಿ ಅಂದ್ರೆ? ಎಲ್ಲಿಗೆ?"

"ಪಕ್ಕದೂರಿನ ಆಸ್ಪತ್ರೆಗೆ. ಅಲ್ಲಿಯವರ ಹತ್ರ ಮಾತಾಡಿದ್ದೀನಿ."

"ಇಲ್ಲೇ ಯಾಕಾಗಬಾರದು? ನಮ್ಮದು ನೂರಕ್ಕೆ ನಾಲ್ಕಲ್ವಾ?"

ಡಾಕ್ಟರ ಕಣ್ಣು ಒಂದು ಗಳಿಗೆ ಯಂತ್ರದ ಬಾಗಿಲಿನ ಕಡೆ ಹೋಗಿ ನೆಲಕ್ಕಿಳಿಯಿತು. ಆಕೆಗೆ ಅಷ್ಟೇ ಸಾಕಾಯಿತು. ತನ್ನ ರಿಜಿಸ್ಟರನ್ನು ಈ ಮನುಷ್ಯ ನಂಬಿಲ್ಲ ಎಂದು ಇಷ್ಟು ದಿನ ಕೊರಗಿದ್ದಳು. ನಂಬಿದ್ದರು, ಅಕ್ಷರ ಅಕ್ಷರವನ್ನೂ ನಂಬಿದ್ದರು. ತಮ್ಮ ಹೆಂಡತಿಯೊಬ್ಬಳಿಗಾಗಿ ಮಾತ್ರ.

ಆಕೆ ಅವರನ್ನು ಕಾರಿಡಾರಿಗೆ ಕರೆದುಕೊಂಡು ಹೋದಳು. ಹಲಗೆಯ ಮೇಲಿನ ನಾಲ್ಕನ್ನು ಅಂಗೈಯಿಂದ ಒರೆಸಿ, ಸೀಮೆಸುಣ್ಣವನ್ನು ಹಿಂದೆ ಇಕ್ಕಳ ಕೊಟ್ಟಂತೆಯೇ ಅವರ ಕೈಗಿಟ್ಟಳು.

"ಬರ್ತೀನಿ, ನಿಮ್ಮವಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ. ಅದಕ್ಕೆ ಮುಂಚೆ ಇಲ್ಲಿ ಹದಿನೆಂಟು ಅಂತ ನಿಮ್ಮ ಕೈಯಾರೆ ಬರೀರಿ."

ಬೆಂಚಿನ ಮೇಲಿದ್ದ ರೋಗಿಗಳ ಕಡೆಯವರು ತಲೆಯೆತ್ತಿ ನೋಡಿದರು. ಡಾಕ್ಟರ ಕೈ ನಡುಗಿತು, ಮೊದಲ ದಿನದ ಹಾಗೆ. ಈ ಸಲ ಆಕೆ 'ಏನೂ ಆಗಲ್ಲ' ಎನ್ನಲಿಲ್ಲ. ಅವರು ಸೀಮೆಸುಣ್ಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೋಟಿಗೆ ಕೈ ಒರೆಸಿಕೊಂಡರು.

"ಕೆಲಸ ನೋಡಿ, ಸಿಸ್ಟರ್" ಎಂದು ಹೇಳಿ ಹೊರಟುಹೋದರು.