ಶೆಟ್ಟರ ಜೀಪು ಕೆಳಗಿಳಿದದ್ದು

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶೀತಲಳ ಗ್ಯಾರೇಜು ಎಂದರೆ ಒಂದು ತಗಡಿನ ಶೆಡ್ಡು, ಗಾಡಿ ಎತ್ತಿ ಹಿಡಿಯುವ ಒಂದು ಜೋಡಿ ಕಂಬ, ಮತ್ತು ಶೀತಲಳ ಬಾಯಿ. ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಬಾಯಿಯೇ. ಗಾಡಿ ರಿಪೇರಿಯಾಗುವ ಮೊದಲು ಮಾಲೀಕನಿಗೆ ಮಂಗಳಾರತಿಯಾಗುತ್ತದೆ ಎಂಬುದು ಎಸ್ಟೇಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಜನ ಬರುತ್ತಿದ್ದರು. ಕೆಲವರು ಬೈಸಿಕೊಳ್ಳಲಿಕ್ಕೆಂದೇ ಬರುತ್ತಿದ್ದರೇನೋ.

ಅವಳಪ್ಪ ಹಣಮಂತ ಇಂಡಿ ಕಡೆಯಿಂದ ಬಂದು ಮುಂಬೈಯ ಎಷ್ಟೋ ಬಿಲ್ಡಿಂಗುಗಳಿಗೆ ಕಾಂಕ್ರೀಟು ಹೊತ್ತವನು. ಅವರ ಮನೆ ಆಂಟಾಪ್ ಹಿಲ್‌ನಲ್ಲಿತ್ತು. ಅಲ್ಲಿಂದ ವಡಾಲಾದ ಟ್ರಕ್ ಟರ್ಮಿನಲ್ ದೂರವಿರಲಿಲ್ಲ. ಕಾಲೇಜು ಬೇಸರವಾದ ಶೀತಲ್ ಅಲ್ಲಿನ ಗ್ಯಾರೇಜೊಂದಕ್ಕೆ ಸೇರಿಕೊಂಡಳು. ಹುಡುಗಿಗೆ ಪಾನಾ, ಸ್ಪ್ಯಾನರು ಯಾಕೆ ಎಂದು ನಕ್ಕವರಿಗೆ ಉತ್ತರ ಕೊಡುತ್ತ ಕೊಡುತ್ತಲೇ ಅವಳ ನಾಲಗೆ ಮಸೆದುಕೊಂಡಿತು. ಟ್ರಕ್ಕಿನ ಪಟ್ಟಾ ಸ್ಪ್ರಿಂಗುಗಳ ನಡುವೆ ಬೆಳೆದವಳಿಗೆ ಎತ್ತರ ಮಾಡಿಸಿದ ಜೀಪುಗಳನ್ನು ಕಂಡರೆ ಮೈಯೆಲ್ಲ ಉರಿ. ಟ್ರಕ್ಕಿನ ಸ್ಪ್ರಿಂಗು ಭಾರ ಹೊರುತ್ತದೆ. ಇವರ ಸ್ಪ್ರಿಂಗು ಹೊರುವುದು ಇವರ ಜಂಬವನ್ನು ಮಾತ್ರ. ಹಾಗಿದ್ದೂ ಅವಳ ಶೆಡ್ಡಿಗೆ ಬರುತ್ತಿದ್ದದ್ದು ಬಹುಪಾಲು ಅಂಥವೇ.

ಧನರಾಜ ಶೆಟ್ಟರ ಜೀಪು ಬಂದದ್ದು ಮಳೆ ಮುಗಿದ ಮೇಲೆ. ಶೆಟ್ಟರದು ಗ್ರಾಂಟ್ ರೋಡಿನಲ್ಲಿ ಹೋಟೆಲು. ಅಪ್ಪನ ಕಾಲದಿಂದಲೂ ಅಲ್ಲಿನ ಇಡ್ಲಿಗೆ ಒಳ್ಳೆಯ ಹೆಸರು. ಐವತ್ತರ ಹೊಸ್ತಿಲಲ್ಲಿ ಶೆಟ್ಟರಿಗೆ ಕಾಡುಮೇಡು ಸುತ್ತುವ ಹುಚ್ಚು ಹತ್ತಿತ್ತು. ಜೀಪನ್ನು ಉದ್ದನೆಯ ಸ್ಪ್ರಿಂಗು ಹಾಕಿಸಿ ಎತ್ತರಿಸಿದ್ದರು, ಎಮ್ಮೆಯಂಥ ಟಯರು ಕೂರಿಸಿದ್ದರು. ಇಳಿಯುವಾಗ ಮಾತ್ರ ಕಾಂಪೌಂಡ್ ಗೋಡೆಯಿಂದ ಜಾರುವವರಂತೆ ಹೊಟ್ಟೆ ಉಜ್ಜಿಕೊಂಡು ಇಳಿದರು.

"ಸ್ಪೀಡಲ್ಲಿ ಫ್ಲೈಓವರಿನ ಜಾಯಿಂಟ್ ಹಾರಿದ್ರೆ ಸ್ಟೇರಿಂಗ್ ಗಡಗಡ ನಡುಗ್ತದೆ ಮಾರಾಯ್ತಿ. ನಿಲ್ಲಿಸುವವರೆಗೂ ಬಿಡುದಿಲ್ಲ" ಎಂದರು ಶೆಟ್ಟರು. "ಎತ್ತರ ಮಾಡಿದವನು ಸ್ಟೇರಿಂಗಿನ ನಡುಕ ತಡೆಯುವ ಡ್ಯಾಂಪರ್ ಬದಲಿಸಿ ಕೊಟ್ಟ. ಇನ್ನೊಬ್ಬ ವೀಲ್ ಬ್ಯಾಲೆನ್ಸ್ ಮಾಡಿದ. ಎಂತದೂ ಆಗ್ಲಿಲ್ಲ. ಈ ಮುಂಬೈ ರೋಡೇ ಸರಿ ಇಲ್ಲ."

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ" ಎಂದಳು ಶೀತಲ್. "ಇದೇ ರೋಡಿನ್ಯಾಗ ರಿಕ್ಷಾದವರು ದಿನಾ ಓಡಸ್ತಾರ್ರಿ. ಅವರ ಹ್ಯಾಂಡಲ್ ನಡಗಂಗಿಲ್ಲ."

ಜೀಪಿನ ಕೆಳಗೆ ಒಂದು ಸಲ ಬಗ್ಗಿ ನೋಡಿದಳು, ಅಷ್ಟೇ. ಮುಂದಿನ ಆಕ್ಸಲ್ಲು ಎಡಬಲ ಸರಿಯದಂತೆ ಹಿಡಿದಿಡುವ ಒಂದು ಅಡ್ಡ ರಾಡು ಇರುತ್ತದೆ. ಗಾಡಿ ಎತ್ತರಿಸಿದರೆ ಹಳೆಯ ರಾಡಿನ ಉದ್ದ ಸಾಲದೆ ಅದು ಆಕ್ಸಲ್ಲನ್ನೇ ಒಂದು ಮಗ್ಗುಲಿಗೆ ಎಳೆಯುತ್ತದೆ. ಇಂಥ ಜೀಪುಗಳ ರೋಗ ಯಾವಾಗಲೂ ಇದೇ ಎಂದು ಅವಳಿಗೆ ಖಾತ್ರಿ. ಉದ್ದ ಹೊಂದಿಸಬಹುದಾದ ಹೊಸ ರಾಡು ತರಿಸಿ ಹಾಕಿದಳು. ಹಾಕುವಷ್ಟು ಹೊತ್ತೂ ಉಪದೇಶ ನಡೆದೇ ಇತ್ತು. ಶೆಟ್ಟರು ಕಿವಿ ಕೆಂಪಗೆ ಮಾಡಿಕೊಂಡು ಜೀಪು ಒಯ್ದರು.

ವಾರ ಕಳೆಯುವ ಮೊದಲೇ ಅದೇ ಜೀಪು ತಿರುಗಿ ಬಂತು. ಈ ಸಲ ಶೆಟ್ಟರ ಜೊತೆ ಅವರ ಹೆಂಡತಿ ಸೇವಂತಿಯೂ ಇದ್ದರು. ಸೇವಂತಿ ಬಾಗಿಲು ತೆರೆದು ಮೊದಲು ಒಂದು ಪ್ಲಾಸ್ಟಿಕ್ ಸ್ಟೂಲನ್ನು ಕೆಳಗೆ ಬಿಟ್ಟು, ಸೀರೆಯ ನೆರಿಗೆ ಹಿಡಿದು, ಅದರ ಮೇಲೆ ಕಾಲಿಟ್ಟು ಇಳಿದರು. ಸ್ಟೂಲು ಹೋಟೆಲಿನದು. ಜೀಪು ಎತ್ತರವಾದಂದಿನಿಂದ ಅದೂ ಗಾಡಿಯಲ್ಲೇ ವಾಸವಾಗಿತ್ತು.

ಆದದ್ದಿಷ್ಟು. ಗಂಡಹೆಂಡತಿ ವಸಾಯಿಗೆ ನೆಂಟರ ಮನೆಗೆ ಹೊರಟಿದ್ದರು. ಹೈವೇಯ ಫ್ಲೈಓವರಿನ ಮೇಲೆ ಸ್ಟೇರಿಂಗು ಮೈಮೇಲೆ ಬಂದವರಂತೆ ಕುಣಿಯಿತು. ಶೆಟ್ಟರು ಬ್ರೇಕು ಒತ್ತಿದರು. ಹಿಂದಿದ್ದ ಟ್ಯಾಂಕರು ಹಾರನ್ ಒತ್ತುತ್ತ ಕೂದಲೆಳೆಯಲ್ಲಿ ಪಕ್ಕಕ್ಕೆ ಸರಿದು ಹೋಯಿತು.

ಶೆಟ್ಟರು ದನಿ ಏರಿಸಲಿಲ್ಲ. "ನೀವು ರಿಪೇರಿ ಮಾಡುದು ಬಾಯಲ್ಲಿ ಮಾತ್ರ" ಎಂದರು. ಪಕ್ಕದ ಶೆಡ್ಡಿನವರು ಕೆಲಸ ನಿಲ್ಲಿಸಿ ಕೇಳಿಸಿಕೊಂಡರು. ಶೀತಲಳ ಎದೆಯಲ್ಲಿ ಟ್ಯಾಂಕರಿನ ಮಾತು ಕೂತುಬಿಟ್ಟಿತು.

"ಯಾರಾದ್ರೂ ಒಬ್ರು ಒಳಗ ಕೂತು ಸ್ಟೇರಿಂಗ್ ಸ್ವಲ್ಪ ಆಕಡೆ ಈಕಡೆ ತಿರುಗಸ್ರಿ. ಇಂಜಿನ್ ಚಾಲೂ ಇರ್ಲಿ, ಗೇರ್ ಬ್ಯಾಡ, ಹ್ಯಾಂಡ್‌ಬ್ರೇಕ್ ಇರ್ಲಿ" ಎಂದಳು.

ಶೆಟ್ಟರು ಆಗಲೇ ಫೋನು ಹಿಡಿದು ಗೆಳೆಯರ ಬಳಗಕ್ಕೆ ದೂರು ಹೇಳುತ್ತ ಗೇಟಿನತ್ತ ಹೋಗಿದ್ದರು. ಸೇವಂತಿ ಮತ್ತೆ ಸ್ಟೂಲು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತರು. ಚಕ್ರಗಳಿಗೆ ಕಲ್ಲು ಕೊಟ್ಟು ಶೀತಲ್ ಗಾಡಿಯ ಕೆಳಗೆ ಅಂಗಾತ ಸರಿದಳು.

ಸ್ಟೇರಿಂಗು ಎಡಕ್ಕೆ ತಿರುಗಿದಾಗ ಅವಳಿಗೆ ಕಂಡಿತು. ತಾನು ಹಾಕಿದ ಹೊಳೆಯುವ ಹೊಸ ರಾಡಿನ ತುದಿಯಲ್ಲಿ ಬೋಲ್ಟು ಮೊದಲು ಕದಲುತ್ತಿತ್ತು, ಆಮೇಲೆ ಆಕ್ಸಲ್ಲು. ಬಲಕ್ಕೆ ತಿರುಗಿಸಿದರೂ ಅದೇ. ಇಂಜಿನು ನಿಲ್ಲಿಸಲು ಹೇಳಿ ಬೋಲ್ಟು ಬಿಚ್ಚಿದಳು. ರಾಡನ್ನು ಗಾಡಿಗೆ ಹಿಡಿಸುವ ಬ್ರಾಕೆಟ್ಟಿನ ತೂತು ದುಂಡಗಿರಲಿಲ್ಲ, ಸವೆದು ಮೊಟ್ಟೆಯ ಹಾಗೆ ಉದ್ದವಾಗಿತ್ತು. ಆ ತೂತಿಗೇ ಹೊಸ ರಾಡು ಸಿಕ್ಕಿಸಿ ಕಳಿಸಿದ್ದಳು. ಈ ಪರೀಕ್ಷೆಯನ್ನು ವಡಾಲಾದಲ್ಲಿ ಅವಳಿಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದರು. ಬೈಯುವ ಭರದಲ್ಲಿ ಅದನ್ನೇ ಬಿಟ್ಟುಬಿಟ್ಟಿದ್ದಳು. ಇಷ್ಟು ದಿನ ಊರಿನವರ ಮೇಲೆಲ್ಲ ಎರಚಿದ ತಾತ್ಸಾರ ಈಗ ಜೀಪಿನ ಕೆಳಗೆ ಅಂಗಾತ ಮಲಗಿದವಳ ಮುಖಕ್ಕೇ ಬಂದು ಬಿತ್ತು.

ಹೊರಗೆ ಬಂದು ಶೆಟ್ಟರನ್ನು ಕರೆದು ತೂತು ತೋರಿಸಿದಳು.

"ಮೊದಲೇ ನೋಡ್ಬೇಕಿತ್ತಲ್ಲ?"

"ಹೌದ್ರಿ. ನೋಡ್ಲಿಲ್ಲ. ತಪ್ಪು ನಂದ."

ಬಯ್ಯಲು ಸಿದ್ಧವಾಗಿ ಬಂದಿದ್ದ ಶೆಟ್ಟರು ಫೋನನ್ನು ಜೇಬಿಗೆ ಹಾಕಿದರು.

"ಇನ್ನೊಂದು ಐತಿ" ಎಂದು ಶೀತಲ್ ಜೀಪನ್ನು ಕಂಬಗಳ ಮೇಲೆ ಎತ್ತಿದಳು. ಚಕ್ರಗಳು ಜೋತುಬಿದ್ದವು. ಮುಂದಿನ ಬ್ರೇಕಿನ ರಬ್ಬರ್ ಪೈಪು ಏಕತಾರಿಯ ತಂತಿಯಂತೆ ಬಿಗಿದು ನಿಂತಿತು. "ಎತ್ತರ ಮಾಡಿದಾಂವ ಉದ್ದನ ಪೈಪ್ ಹಾಕೇ ಇಲ್ಲ. ದೊಡ್ಡ ಹೊಂಡಕ್ಕ ಚಕ್ರ ಇಳೀತಂದ್ರ ಇದು ಹರೀತದ. ಆಮ್ಯಾಗ ಬ್ರೇಕ್ ಖತಮ್."

"ಉದ್ದದ್ದು ಹಾಕಿ" ಎಂದರು ಶೆಟ್ಟರು.

"ಹಾಕಬಹುದು. ಆಮ್ಯಾಗ ಆಕ್ಸಲ್ಲು ವಾಲಿದ್ದನ್ನ ತಿದ್ದಬೇಕು, ಅದಕ್ಕ ಸ್ಟೇರಿಂಗ್ ತಾನಾಗೇ ನಡುವಿಗೆ ಬರವಲ್ದು. ಆಮ್ಯಾಗ ಚಕ್ರ ತಿರುಗಸೋ ಪ್ರೊಪೆಲ್ಲರ್ ಶಾಫ್ಟು. ಮೂಗಿಗಿಂತ ಮೂಗುತಿ ಭಾರ ಆದ್ರ ಮೂಗ ಬದಲಿ ಮಾಡಬೇಕಾಗ್ತದ ನೋಡ್ರಿ ಶೆಟ್ರ."

ಸೇವಂತಿ ಗಂಡನ ಕಡೆ ತಿರುಗಿದರು. "ಈ ಎತ್ತರ ತಕೊಂಡು ನೀವು ಎಲ್ಲಿಗೆ ಹೋದದ್ದು?"

"ಕರ್ಜತಿಗೆ ಹೋಗಿಲ್ವಾ?"

"ಡಾಮರು ರಸ್ತೆಯಲ್ಲಿ ಹೋಗಿ, ರೆಸಾರ್ಟಿನ ಕೆಸರಿನಲ್ಲಿ ನಿಂತು ಫೋಟೋ ತೆಗೆದು, ವಡಾಪಾವ್ ತಿಂದು ಬಂದದ್ದು. ಕೆಸರು ಒಣಗುವ ಮೊದಲು ಬಿಲ್ಡಿಂಗಿನವರಿಗೆಲ್ಲ ತೋರಿಸಿದ್ರಿ." ಆಮೇಲೆ ಶೀತಲಳಿಗೆ ಹೇಳಿದರು, "ಇಳಿಸಿಬಿಡಿ. ಕಂಪೆನಿಯ ಹಳೇ ಸ್ಪ್ರಿಂಗು ನಮ್ಮ ಹೋಟೆಲಿನ ಅಟ್ಟದಲ್ಲಿ ಉಂಟು. ಟ್ಯಾಂಕರ್ ಡ್ರೈವರನ ಮುಖ ನಾನು ಇಷ್ಟು ಹತ್ತಿರದಿಂದ ನೋಡಿದ್ದೇನೆ. ಇನ್ನೊಮ್ಮೆ ನೋಡ್ಲಿಕ್ಕೆ ನನಗೆ ಮನಸ್ಸಿಲ್ಲ."

ಶೆಟ್ಟರು ಟಯರನ್ನು ಒಮ್ಮೆ ಸವರಿದರು, ಬೇಡ ಎನ್ನಲಿಲ್ಲ.

ಶೀತಲ್ ಸವೆದ ಬ್ರಾಕೆಟ್ಟನ್ನು ಕತ್ತರಿಸಿ ತೆಗೆದು ದಪ್ಪ ಪಟ್ಟಿಯಲ್ಲಿ ಹೊಸದು ಮಾಡಿ ವೆಲ್ಡ್ ಮಾಡಿದಳು. ಹಳೆಯ ಸ್ಪ್ರಿಂಗು, ಹಳೆಯ ಅಳತೆಯ ಟಯರು ಕೂರಿಸಿದಳು. ರಾಡನ್ನು ಆ ಎತ್ತರಕ್ಕೆ ತಕ್ಕಂತೆ ಗಿಡ್ಡ ಮಾಡಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಬೋಲ್ಟು ಬಿಗಿದಳು. ಆಮೇಲೆ ಸೇವಂತಿಯನ್ನೇ ಮತ್ತೆ ಕೂರಿಸಿ ಸ್ಟೇರಿಂಗು ತಿರುಗಿಸಲು ಹೇಳಿ, ಕೆಳಗೆ ಮಲಗಿ, ಪ್ರತಿ ಕೀಲನ್ನೂ ನೋಡಿದಳು. ಆ ಹೊತ್ತಿನಲ್ಲಿ ಅವಳ ಬಾಯಿಂದ ಉಪದೇಶದ ಒಂದು ಮಾತೂ ಹೊರಡಲಿಲ್ಲ.

ಹೈವೇಯಲ್ಲಿ ಸೇವಂತಿಯೇ ಓಡಿಸಿದರು. ಶೀತಲ್ ಪಕ್ಕದಲ್ಲಿ, ಶೆಟ್ಟರು ಹಿಂದಿನ ಸೀಟಿನಲ್ಲಿ. ಫ್ಲೈಓವರಿನ ಜಾಯಿಂಟು ಬಂದಾಗ ಶೀತಲ್ ಎದುರಿನ ಹಿಡಿಕೆಯ ಕಂಬಿಯನ್ನು ಬಿಗಿಯಾಗಿ ಹಿಡಿದಳು. ದಡಕ್ ಎಂದಿತು. ಸ್ಟೇರಿಂಗು ಸುಮ್ಮನಿತ್ತು. ಮುಂದಿನ ಜಾಯಿಂಟಿಗೂ ಸುಮ್ಮನಿತ್ತು. ಅವಳು ಕಂಬಿ ಬಿಟ್ಟಾಗ ಅಂಗೈಯಲ್ಲಿ ಅದರ ಗೆರೆ ಮೂಡಿತ್ತು.

ಆಮೇಲೆ ಶೆಟ್ಟರು ಗೆಳೆಯರಿಗೆ ಹೇಳಿದ್ದೇ ಬೇರೆ. ನಿಜವಾದ ಅನುಭವಸ್ಥರು ಗಾಡಿ ಎತ್ತರ ಮಾಡುವುದಿಲ್ಲ, ಬ್ಯಾಲೆನ್ಸ್ ಮುಖ್ಯ, ಎಂದು ಅವರು ಅಪ್ಪಣೆ ಕೊಡಿಸಿದರಂತೆ. ಆ ಮಾತು ಹಿಡಿದುಕೊಂಡು ಬಳಗದ ಒಬ್ಬಿಬ್ಬರು ತಮ್ಮ ಜೀಪೂ ಇಳಿಸಿ ಎಂದು ಶೆಡ್ಡಿಗೆ ಬಂದರು. ಎತ್ತರಿಸಿದಾಗಲೂ ಯಾಕೆಂದು ಗೊತ್ತಿರದವರು, ಇಳಿಸುವಾಗಲೂ ಗೊತ್ತಿರದವರು.

ಭಾನುವಾರ ಶೀತಲ್ ಆಂಟಾಪ್ ಹಿಲ್‌ನ ಮನೆಗೆ ಹೋದಾಗ ಹಣಮಂತ ರೊಟ್ಟಿ ಮುರಿಯುತ್ತ ಮಗಳನ್ನು ಕೇಳಿದ.

"ಆ ಹೋಟ್ಲದವನ ಗಾಡಿ ಏನಾತವ್ವಾ?"

"ಕೆಳಗ ಇಳಿಸಿದೆ ಅಪ್ಪಾ."

"ಅಂವಾ ಇಳಿದನೇನು?"

"ಅಂವಾ ಇನ್ನೂ ಮ್ಯಾಲ ಅದಾನ" ಎಂದು ಶೀತಲ್ ಪಲ್ಲೆ ಹಾಕಿಕೊಂಡಳು.