ನಡುಮನೆಯ ಸ್ವಿಚ್ಚು

ನಮ್ಮ ಮನೆಯಲ್ಲಿ ಮುಸ್ಸಂಜೆಯ ದೀಪ ನನ್ನ ಅಕ್ಕನದು. ಭಾವ ತೀರಿಕೊಂಡ ಮೇಲೆ ಗುಬ್ಬಿಯಿಂದ ತುಮಕೂರಿಗೆ ಬಂದು ನಮ್ಮ ಜೊತೆ ನೆಲೆಸಿದ ಆಕೆ, ಅಡುಗೆಮನೆಯನ್ನು ನನ್ನ ಹೆಂಡತಿಗೇ ಬಿಟ್ಟು ಈ ಒಂದು ಕೆಲಸವನ್ನು ತನಗೆ ಇಟ್ಟುಕೊಂಡಳು. ಹೊತ್ತು ಮುಳುಗುವಾಗ ಕಾಲು ತೊಳೆದು ಬಂದು ನಡುಮನೆಯ ಸ್ವಿಚ್ಚು ಒತ್ತುವಳು, ಹತ್ತಿದ ಬಲ್ಬಿಗೆ ಕೈಮುಗಿಯುವಳು. ನಾವೂ ಕೂತಲ್ಲೇ ಕೈಮುಗಿಯಬೇಕು. ಓದುತ್ತಿದ್ದ ಪೇಪರನ್ನು ತೊಡೆಯ ಮೇಲಿಟ್ಟು ನಾನೂ ಮುಗಿಯುತ್ತಿದ್ದೆ.

ಶಿರಾ ಗೇಟ್‌ನಲ್ಲಿ ಸೋಲಾರ್ ಅಂಗಡಿ ಇಟ್ಟಿರುವ ಮಗಳು ನಮ್ಮ ತಾರಸಿಗೆ ಪ್ಯಾನೆಲ್ ಹಾಕಿಸಿದಳು. ಕೋಣೆಗೊಂದು ಸೆನ್ಸರ್ ಬಂತು. ಬಿಸಿಲು ಜೋರಿರುವಾಗ ನೀರಿನ ಮೋಟಾರು, ವಾಷಿಂಗ್ ಮಷಿನ್, ಕತ್ತಲಾಗುತ್ತಲೇ ದೀಪ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ ಫ್ಯಾನು ಬಂದ್. ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದ ನನಗೆ ಇನ್ನೇನು ಬೇಕು? ಯಾವುದು ಯಾವಾಗ ನಡೆಯಿತೆಂದು ಫೋನಿನಲ್ಲಿ ನೋಡುತ್ತ ಕೂರುವುದೇ ಒಂದು ಖುಷಿಯಾಯಿತು.

ಅಂದಿನಿಂದ ಅಕ್ಕ ಸ್ವಿಚ್ಚಿನ ಹತ್ತಿರ ಬರುವಷ್ಟರಲ್ಲಿ ದೀಪ ತಾನೇ ಹತ್ತಿರುತ್ತಿತ್ತು. ಮೊದಮೊದಲು ನಕ್ಕಳು. ಆಮೇಲೆ ಆ ಹೊತ್ತಿಗೆ ತನ್ನ ಕೋಣೆಯಿಂದ ಹೊರಗೇ ಬರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬ್ಯಾಗಿಗೆ ಸೀರೆ ತುಂಬುತ್ತಿದ್ದಾಳೆ.

“ಭಾನುವಾರ ಗುಬ್ಬಿ ಬಸ್ ಹತ್ತಿಸ್ಬುಡು ಕಣ್ಲಾ,” ಅಂದಳು. “ಇಲ್ಲಿ ನಂಗೇನ್ ಕೆಲ್ಸ ಐತೆ? ಎಲ್ಲ ಅದೇ ಮಾಡ್ತೈತಲ್ಲ.”

ಕುಣಿಗಲ್‌ನಲ್ಲಿ ಯಾರದೋ ಮನೆಗೆ ಪ್ಯಾನೆಲ್ ಕೂರಿಸುತ್ತಿದ್ದ ಮಗಳಿಗೆ ಫೋನ್ ಮಾಡಿ, ನಡುಮನೆಯ ದೀಪವೊಂದನ್ನು ಸೆನ್ಸರಿನಿಂದ ತೆಗೆದುಬಿಡು ಎಂದೆ.

“ಟೈಮ್‌ಟೇಬಲ್ ತಪ್ಪಿಸು ಅಂತ ನೀವಾ ಅಪ್ಪ ಹೇಳ್ತಿರೋದು?” ಎಂದು ನಕ್ಕಳು. ಕಾರಣ ಹೇಳಿದಾಗ ಅಲ್ಲಿಂದಲೇ ಫೋನಿನಲ್ಲಿ ಬದಲಿಸಿದಳು.

ಆ ಸಂಜೆ ಕತ್ತಲಾಯಿತು, ದೀಪ ಹತ್ತಲಿಲ್ಲ. ನಾನೂ ಹೆಂಡತಿಯೂ ನಡುಮನೆಯಲ್ಲಿ ಅಲುಗದೆ ಕೂತೆವು. ಕತ್ತಲಲ್ಲಿ ಆಕೆ ನನ್ನ ಮೊಣಕೈ ತಿವಿದಳು, ಇನ್ನೂ ಸ್ವಲ್ಪ ತಡೆಯಿರಿ ಎಂಬಂತೆ. ಕೊನೆಗೂ ಬಚ್ಚಲಲ್ಲಿ ಅಕ್ಕ ಕಾಲು ತೊಳೆಯುವ ಸದ್ದಾಯಿತು. ಒದ್ದೆ ಹೆಜ್ಜೆಯಲ್ಲೇ ಬಂದು, ಗೋಡೆ ತಡವಿ, ಸ್ವಿಚ್ಚು ಒತ್ತಿದಳು. ಮೂವರೂ ಕೈಮುಗಿದೆವು.

“ನಿಮ್ ಸೋಲಾರ್ ನೆಚ್ಕೊಂಡ್ರೆ ಕತ್ಲಲ್ಲೇ ಕೂತಿರ್ಬೇಕು ಕಣ್ಲಾ,” ಅಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, “ಕೆಟ್ಟೋಗೈತೆ ಅಂತ ಮಗೀಗೆ ಹೇಳ್ಬ್ಯಾಡ. ಪಾಪ, ಆಸೆಯಿಂದ ಹಾಕ್ಸವ್ಳೆ. ದಿನಾ ನಾನೇ ಹಾಕ್ತೀನಿ ಬುಡು.”

ಹೇಳುವುದಿಲ್ಲ ಎಂದೆ. ಭಾನುವಾರ ಬಂದಾಗ ಬಸ್ಸಿನ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.